ತಾಯಿಯ ಹರಕೆ, ಮಗನ ದೈವಕರೆ

ಪ್ರಶ್ನೆ: ಪೂಜ್ಯ ಗುರುಗಳೇ, ನಾವು ಮೈಸೂರು ಜಿಲ್ಲೆಯ ಹಳ್ಳಿಯೊಂದರ ಕಥೋಲಿಕ ಕುಟುಂಬದವರು. ನಾಲ್ಕು ಎಕರೆ ಜಮೀನಿದೆ. ಮಗಳನ್ನು ಹಾಸನಕ್ಕೆ ಕೊಟ್ಟಿದ್ದೇವೆ. ಒಬ್ಬನೇ ಮಗ, 23 ವರ್ಷ, ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷದಿಂದ ಕೆಲಸದಲ್ಲಿದ್ದಾನೆ. ಕ್ರಿಸ್ಮಸ್ ಹಬ್ಬಕ್ಕೆ ಬಂದವನು ಗುರುವಾಗಲು ಸೆಮಿನರಿಗೆ ಸೇರುತ್ತೇನೆ ಎಂದ. ಅಂದಿನಿಂದ ನಮ್ಮ ಯಜಮಾನರು ಅವನೊಂದಿಗೆ ಮಾತು ಬಿಟ್ಟಿದ್ದಾರೆ. ನನ್ನ ಸಂಕಟ ಬೇರೆ. ಅವನಿಗೆ ನಾಲ್ಕು ವರ್ಷವಿದ್ದಾಗ ಮೆದುಳು ಜ್ವರ ಬಂದು ವೈದ್ಯರು ಕೈಚೆಲ್ಲಿದಾಗ, ದೋರನಹಳ್ಳಿಯ ಸಂತ ಅಂತೋಣಿಯವರ ಮುಂದೆ ನಿಂತು 'ಮಗು ಉಳಿದರೆ ದೇವರ ಸೇವೆಗೇ ಕೊಡುತ್ತೇನೆ' ಎಂದು ಹರಕೆ ಹೊತ್ತಿದ್ದೆ. ಪ್ರತಿ ವರ್ಷ ಜೂನ್ 13ರ ಹಬ್ಬಕ್ಕೆ ಅವನನ್ನು ಅಲ್ಲಿಗೆ ಕರೆದೊಯ್ಯುತ್ತೇನೆ, ಆದರೆ ಹರಕೆಯ ವಿಷಯವನ್ನು ಯಾರಿಗೂ ಹೇಳಿಲ್ಲ. ಈಗ ಸಂತೋಷಕ್ಕಿಂತ ಭಯವೇ ಹೆಚ್ಚಾಗಿದೆ. ತಡೆದರೆ ದೇವರು ಮುನಿಯುತ್ತಾನೆಯೇ? ನನ್ನ ಹರಕೆಯೇ ಅವನನ್ನು ಎಳೆಯುತ್ತಿದೆಯೇ? ಒಬ್ಬ ಗುರುವಾದರೆ ಏಳು ತಲೆಮಾರು ಉದ್ಧಾರ ಎಂದು ಅತ್ತೆಯವರು ಹೇಳುತ್ತಾರೆ. ಪ್ರೀತಿ ಮುರಿದಿರಬೇಕು ಎಂದು ನೆರೆಯವರು ಆಡಿಕೊಳ್ಳುತ್ತಾರೆ. ಅರ್ಧಕ್ಕೆ ಬಿಟ್ಟು ಬಂದರೆ ಶಾಪ ತಟ್ಟುತ್ತದೆ ಎನ್ನುವವರೂ ಇದ್ದಾರೆ. ಮುಪ್ಪಿನಲ್ಲಿ ನಮ್ಮನ್ನು ನೋಡುವವರು ಯಾರು? ಇದು ನಿಜವಾದ ದೈವಕರೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ ಎಂದು ನನಗೆ ತೋರುತ್ತದೆ. ಸುಮಾರು ಎರಡು ದಶಕಗಳ ಹಿಂದೆ ನೀವು ಆಡಿದ ಒಂದು ಮಾತಿಗೆ ಈಗ ಮಗನ ಬದುಕು ಬೆಲೆ ತೆರುತ್ತಿದೆಯೇನೋ ಎಂಬ ಭಯ ಅದು. ಗುರು ತರಬೇತಿಯ ಮನೆಗಳಲ್ಲಿ ಹಲವು ವರ್ಷ ಯುವಕರೊಂದಿಗೆ ಬಾಳಿದವನಾಗಿ, ಇಂಥ ಹರಕೆಯ ಭಾರವನ್ನು ಹೊತ್ತು ಬಂದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಉಳಿದೆಲ್ಲಕ್ಕಿಂತ ಮೊದಲು ಹರಕೆಯ ವಿಷಯವನ್ನೇ ಎತ್ತಿಕೊಳ್ಳುತ್ತೇನೆ.

ನಿಮ್ಮ ಹರಕೆ ನಿಮ್ಮ ಮಗನನ್ನು ಕಟ್ಟಿಹಾಕುವುದಿಲ್ಲ. ನಿಮ್ಮನ್ನು ಸಮಾಧಾನಪಡಿಸಲು ನಾನು ಹೇಳುತ್ತಿರುವ ಮಾತಲ್ಲ ಇದು, ಕಥೋಲಿಕ ಧರ್ಮಸಭೆಯ ಕಾನೂನು. 1983ರ ಕಾನೂನು ಸಂಹಿತೆಯ 1193ನೇ ವಿಧಿಯ ಪ್ರಕಾರ ಹರಕೆ ತನ್ನ ಸ್ವಭಾವದಿಂದಲೇ ಅದನ್ನು ಹೊತ್ತವರನ್ನು ಮಾತ್ರ ಬಾಧ್ಯರನ್ನಾಗಿಸುತ್ತದೆ. ಮಗುವನ್ನು ವಿಶ್ವಾಸದಲ್ಲಿ ಬೆಳೆಸುತ್ತೇನೆ, ದೇವರು ಕರೆದರೆ ಅಡ್ಡ ಬರುವುದಿಲ್ಲ ಎಂದು ನೀವು ಮಾತು ಕೊಡಬಹುದು, ಏಕೆಂದರೆ ಅದು ನಿಮ್ಮ ಕೈಯಲ್ಲಿರುವ ಸಂಗತಿ. ಇನ್ನೊಬ್ಬರ ಇಡೀ ಜೀವನವನ್ನು ಕೊಡುವ ಅಧಿಕಾರ ಹೆತ್ತ ತಾಯಿಗೂ ಇಲ್ಲ. ಅಂದು ನೀವು ಆಡಿದ ಮಾತನ್ನು ದೇವರು ಒಬ್ಬ ತಾಯಿಯ ಗೋಳಿನ ಪ್ರಾರ್ಥನೆಯಾಗಿ ಕೇಳಿದ್ದಾನೆಂದೇ ನಾನು ನಂಬುತ್ತೇನೆ. ಆತ ಅದನ್ನು ಸಾಲಪತ್ರವಾಗಿ ಬರೆದಿಟ್ಟುಕೊಂಡಿಲ್ಲ.

ಧರ್ಮಸಭೆ ಈ ತಿಳಿವಳಿಕೆಗೆ ಒಂದೇ ದಿನದಲ್ಲಿ ಬಂದದ್ದೂ ಅಲ್ಲ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮದಲ್ಲಿ, ತಂದೆತಾಯಿ ಎಳೆಯ ಮಗನನ್ನು ಮಠಕ್ಕೆ ಅರ್ಪಿಸುವ ವಿಧಿಯೊಂದಿದೆ. ಬರೆದ ಮನವಿಯನ್ನೂ ಹುಡುಗನ ಕೈಯನ್ನೂ ಬಲಿಪೀಠದ ವಸ್ತ್ರದಲ್ಲಿ ಸುತ್ತಿ ಒಪ್ಪಿಸುತ್ತಿದ್ದರು. ಹಾಗೆ ಬಂದ ಮಕ್ಕಳಲ್ಲಿ ಸಂತರಾದವರೂ ಉಂಟು, ಬದುಕಿಡೀ ಕೊರಗಿದವರೂ ಉಂಟು. ಕಾಲಕ್ರಮದಲ್ಲಿ ಧರ್ಮಸಭೆ ಆ ಪದ್ಧತಿಯನ್ನು ಕೈಬಿಟ್ಟಿತು. ಇಂದು ಡೀಕನ್ ದೀಕ್ಷೆಗೂ (ಗುರುದೀಕ್ಷೆಗೆ ಮುಂಚಿನ ಮೆಟ್ಟಿಲು) ಗುರುದೀಕ್ಷೆಗೂ ಮುನ್ನ ಅಭ್ಯರ್ಥಿಯು ತಾನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಈ ದೀಕ್ಷೆಯನ್ನು ಬೇಡುತ್ತಿದ್ದೇನೆ ಎಂದು ಸ್ವಂತ ಕೈಬರಹದಲ್ಲೇ ಬರೆದುಕೊಡಬೇಕು. ಆ ಕಾಗದವನ್ನು ಅವನ ಪರವಾಗಿ ಬೇರಾರೂ ಬರೆಯಲಾಗದು.

ಬೈಬಲ್ಲಿನ ಹನ್ನಳೂ ಹೀಗೆಯೇ ಹರಕೆ ಹೊತ್ತಿದ್ದಳಲ್ಲ ಎಂದು ನೀವು ಕೇಳಬಹುದು. ಆಕೆ ಮಗು ಸಮುವೇಲನನ್ನು ಶಿಲೋವಿನ ದೇವಾಲಯಕ್ಕೆ ಒಪ್ಪಿಸಿದ್ದು ನಿಜ. ಆದರೆ ಸಮುವೇಲನ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ದೇವಾಲಯದಲ್ಲೇ ಮಲಗಿ ಏಳುತ್ತಿದ್ದ ಹುಡುಗನಿಗೆ ದೇವರ ಪರಿಚಯ ಇನ್ನೂ ಆಗಿರಲಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ತಾಯಿಯ ಹರಕೆ ಅವನನ್ನು ದೇವಾಲಯದ ತನಕ ತಂದಿತೇ ಹೊರತು, ಕರೆದದ್ದು ದೇವರು, ಅದೂ ಅವನ ಹೆಸರು ಹಿಡಿದು. ಮೂರು ಸಲ ಸಮುವೇಲ ಅದು ಏಲಿಯ ದನಿಯೆಂದು ತಪ್ಪು ತಿಳಿದ. ಅನುಭವಸ್ಥನಾದ ಏಲಿಗೂ ಮೂರನೆಯ ಸಲವೇ ವಿಷಯ ಹೊಳೆದದ್ದು. ದೈವಕರೆಯನ್ನು ಗುರುತಿಸಲು ಇಬ್ಬರು ಬೇಕು, ಸಮಯ ಬೇಕು, ತಪ್ಪು ತಿಳಿಯುವುದಕ್ಕೂ ಎಡೆಯಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟಾದರೂ ಹರಕೆ ಹೊತ್ತ ಭಾರ ನಿಮ್ಮ ಮನಸ್ಸಿನಲ್ಲಿ ಉಳಿದಿದ್ದರೆ, ಅದಕ್ಕೂ ದಾರಿಯಿದೆ. ಖಾಸಗಿ ಹರಕೆಯಿಂದ ನ್ಯಾಯವಾದ ಕಾರಣಕ್ಕಾಗಿ ಬಿಡುಗಡೆ ಕೊಡುವ ಅಧಿಕಾರ ನಿಮ್ಮ ಧರ್ಮಕೇಂದ್ರದ (ಊರಿನ ಚರ್ಚಿನ) ಗುರುಗಳಿಗೇ ಇದೆ (1196ನೇ ವಿಧಿ). ಅದನ್ನು ಅಷ್ಟೇ ಮೌಲ್ಯದ ಅಥವಾ ಅದಕ್ಕೂ ಹೆಚ್ಚಿನ ಇನ್ನೊಂದು ಸತ್ಕಾರ್ಯಕ್ಕೆ ನೀವೇ ಬದಲಾಯಿಸಿಕೊಳ್ಳಲೂ ಬಹುದು. ಊರಿನ ಬಡಮಗುವೊಂದರ ಓದಿಗೆ ನೆರವಾಗುವುದು ಅಂಥದ್ದೊಂದು ಕಾರ್ಯ. ಇದಕ್ಕೆ ರೋಮಿನವರೆಗೆ ಕಾಗದ ಹೋಗಬೇಕಿಲ್ಲ, ಒಂದು ಸಂಜೆ ಗುರುಗಳ ಮನೆಯಲ್ಲಿ ಕುಳಿತು ಮಾತನಾಡಿದರೆ ಸಾಕು.

ಇನ್ನು ಕರೆಯ ವಿಷಯ. ನಮ್ಮ ಜನರಲ್ಲಿ ಬೇರೂರಿರುವ ಒಂದು ತಪ್ಪು ಕಲ್ಪನೆಯೆಂದರೆ, ದೈವಕರೆ ಎಂಬುದು ಕನಸಿನಲ್ಲೋ ಧ್ಯಾನಕೂಟದಲ್ಲೋ ಒಮ್ಮೆ ಸ್ಪಷ್ಟವಾಗಿ ಕೇಳಿಬಿಡುವ ದನಿ ಎಂಬುದು. ಅಂಥ ಅನುಭವ ಕೆಲವರಿಗೆ ಆಗಬಹುದು, ಆದರೆ ಧರ್ಮಸಭೆ ಅದನ್ನು ಆಧಾರವಾಗಿ ಇಟ್ಟುಕೊಳ್ಳುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಇದೇ ವಿಷಯದ ಮೇಲೆ ದೊಡ್ಡ ಚರ್ಚೆ ನಡೆದು, 1912ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳ (ಪೋಪರ) ಕಾಲದಲ್ಲಿ ರೋಮ್ ತನ್ನ ನಿಲುವನ್ನು ತಿಳಿಸಿತು. ಒಳಗಿನ ಆಕರ್ಷಣೆಯೊಂದೇ ದೈವಕರೆಯಲ್ಲ, ಅದರ ಬಲದಿಂದ ಯಾರಿಗೂ ಗುರುದೀಕ್ಷೆಯ ಹಕ್ಕು ಬರುವುದಿಲ್ಲ. ಶುದ್ಧ ಉದ್ದೇಶವೂ ತಕ್ಕ ಯೋಗ್ಯತೆಯೂ ಇದ್ದವನನ್ನು ಧರ್ಮಾಧ್ಯಕ್ಷರು (ಬಿಷಪರು) ಕರೆದಾಗ ಆ ಕರೆ ಪೂರ್ಣವಾಗುತ್ತದೆ ಎಂಬುದು ಆ ನಿಲುವಿನ ಸಾರ. ದೀಕ್ಷಾವಿಧಿಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಅಭ್ಯರ್ಥಿಯ ಹೆಸರನ್ನು ಎಲ್ಲರ ಮುಂದೆ ಕರೆಯುತ್ತಾರೆ, 'ಇವರು ಯೋಗ್ಯರೆಂದು ನಿಮಗೆ ತಿಳಿದಿದೆಯೇ' ಎಂದು ಧರ್ಮಾಧ್ಯಕ್ಷರು ಕೇಳುತ್ತಾರೆ, ಕ್ರೈಸ್ತ ಜನರನ್ನು ವಿಚಾರಿಸಿ ಯೋಗ್ಯರೆಂದು ಕಂಡುಬಂದಿದೆ ಎಂದು ಹೊಣೆ ಹೊತ್ತ ಗುರುಗಳು ಸಾಕ್ಷಿ ನುಡಿಯುತ್ತಾರೆ. ಅಭ್ಯರ್ಥಿ ತನ್ನನ್ನು ತಾನೇ ಮುಂದಿಟ್ಟುಕೊಳ್ಳುವ ಕ್ಷಣ ಆ ಇಡೀ ವಿಧಿಯಲ್ಲಿ ಇಲ್ಲ.

ಹೀಗಿರುವುದರಿಂದ 'ಇದು ನಿಜವಾದ ಕರೆಯೇ' ಎಂಬ ಪ್ರಶ್ನೆಗೆ ಇಂದು ನೀವಾಗಲಿ, ನಾನಾಗಲಿ, ನಿಮ್ಮ ಮಗನಾಗಲಿ ಉತ್ತರ ಕೊಡಬೇಕಾಗಿಲ್ಲ. ಇಂದು ಅವನು ಇಡುತ್ತಿರುವುದು ಗುರುತ್ವದ ಹೆಜ್ಜೆಯಲ್ಲ, ಪರೀಕ್ಷೆಯ ಹೆಜ್ಜೆ. ಪದವಿ ಮುಗಿಸಿದವನಿಗೆ ಸಾಮಾನ್ಯವಾಗಿ ಒಂದು ವರ್ಷದ ಪೂರ್ವ ತರಬೇತಿ, ಕನಿಷ್ಠ ಎರಡು ವರ್ಷ ತತ್ವಶಾಸ್ತ್ರ, ನಮ್ಮ ದೇಶದಲ್ಲಿ ಬಹುಪಾಲು ಕಡೆ ಒಂದು ವರ್ಷ ಹೊರಗೆ ಧರ್ಮಕೇಂದ್ರದಲ್ಲೋ ಶಾಲೆಯಲ್ಲೋ ಕೆಲಸ, ಬಳಿಕ ನಾಲ್ಕು ವರ್ಷ ದೈವಶಾಸ್ತ್ರ. ಡೀಕನ್ ದೀಕ್ಷೆಗೂ ಗುರುದೀಕ್ಷೆಗೂ ನಡುವೆ ಕನಿಷ್ಠ ಆರು ತಿಂಗಳ ಅಂತರವಿರಬೇಕು. ನಿಮ್ಮ ಮಗ ಈ ವರ್ಷವೇ ಸೇರಿದರೂ ಗುರುವಾಗುವಾಗ ಅವನಿಗೆ ಮೂವತ್ತು ದಾಟಿರುತ್ತದೆ. ಈ ವರ್ಷಗಳಲ್ಲಿ ಅವನ ಓದನ್ನು ಮಾತ್ರ ನೋಡುವುದಿಲ್ಲ. ಮಾನವೀಯ, ಆತ್ಮಿಕ, ಬೌದ್ಧಿಕ, ಪಾಲನಾ ಸೇವೆಯ ನಾಲ್ಕು ನೆಲೆಗಳಲ್ಲಿ ತರಬೇತಿ ನಡೆಯಬೇಕೆಂದು ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1992ರಲ್ಲಿ ವಿಧಿಸಿದರು. ಅದರಲ್ಲಿ ಮಾನವೀಯ ತರಬೇತಿಯೇ ಉಳಿದೆಲ್ಲದರ ತಳಹದಿ ಎಂದರು. ಸಿಟ್ಟು ಬಂದಾಗ ಅವನು ಹೇಗೆ ನಡೆದುಕೊಳ್ಳುತ್ತಾನೆ, ಇನ್ನೊಬ್ಬನ ಏಳ್ಗೆಯನ್ನು ಸಹಿಸುತ್ತಾನೆಯೇ, ಅಡುಗೆಯವರೊಂದಿಗೆ ಹೇಗೆ ಮಾತನಾಡುತ್ತಾನೆ, ಹಣ ಕೈಗೆ ಬಂದರೆ ಲೆಕ್ಕ ಕೊಡುತ್ತಾನೆಯೇ ಎಂಬುದನ್ನೆಲ್ಲ ನಾವು ನೋಡುತ್ತೇವೆ. ಮಕ್ಕಳ ಮೇಲೆ ಗುರುಗಳಿಂದಲೇ ದೌರ್ಜನ್ಯ ನಡೆದ ನೋವಿನ ಪ್ರಕರಣಗಳು ಹಲವು ದೇಶಗಳಲ್ಲಿ ಬಯಲಾದ ಮೇಲಂತೂ ಮನಶ್ಶಾಸ್ತ್ರೀಯ ಪರಿಶೀಲನೆ ಇನ್ನಷ್ಟು ಬಿಗಿಯಾಗಿದೆ. ಅದು ಬಿಗಿಯಾಗಲೇಬೇಕಿತ್ತು.

ನೆರೆಯವರ ಮಾತಿಗೆ ಬರೋಣ. ಪ್ರೀತಿ ಮುರಿದ ನೋವಿನಿಂದ, ಕೆಲಸ ಸಿಗದ ಬೇಸರದಿಂದ, ಮನೆಯ ಜಗಳದಿಂದ ತಪ್ಪಿಸಿಕೊಳ್ಳಲು ಬರುವವರು ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಬ್ಬ ಹುಡುಗಿಯನ್ನು ಒಮ್ಮೆ ಪ್ರೀತಿಸಿದ್ದ ಎಂಬುದು ಅನರ್ಹತೆಯಲ್ಲ. ತಾನು ಏನನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ತಿಳಿದವನೇ ಬ್ರಹ್ಮಚರ್ಯವನ್ನು ತಿಳಿದು ಆರಿಸಿಕೊಳ್ಳಬಲ್ಲ. ನೋಡಬೇಕಾದದ್ದು ಬೇರೆ: ಗಾಯ ಮಾಯ್ದ ಮೇಲೂ ಆಸೆ ಉಳಿಯುತ್ತದೆಯೇ? ಸಂಬಳ ಏರಿದಾಗ, ಗೆಳೆಯರೊಂದಿಗೆ ನಗುನಗುತ್ತಿರುವಾಗ, ಬದುಕು ಚೆನ್ನಾಗಿಯೇ ಸಾಗುತ್ತಿರುವಾಗ ಅದು ಮತ್ತೆ ಮತ್ತೆ ಮನಸ್ಸಿಗೆ ಬರುತ್ತದೆಯೇ? ದುಃಖದಲ್ಲಿ ಮಾತ್ರ ಕೇಳುವ ಕರೆಯನ್ನು ನಾನು ನಂಬುವುದಿಲ್ಲ. ಸಂತೋಷದ ದಿನಗಳಲ್ಲಿಯೂ ಬಿಡದೆ ಕಾಡುವುದನ್ನು ಹಗುರವಾಗಿ ಕಾಣುವುದಿಲ್ಲ. ನಿಮ್ಮ ಮಗ ಎರಡು ವರ್ಷ ದುಡಿದು, ಕೈಯಲ್ಲಿ ಸಂಬಳವಿರುವಾಗ ಈ ಮಾತು ಎತ್ತಿದ್ದಾನೆ ಎಂಬುದನ್ನು ನಾನು ಒಳ್ಳೆಯ ಲಕ್ಷಣವೆಂದು ಎಣಿಸುತ್ತೇನೆ, ಅದಕ್ಕಿಂತ ಹೆಚ್ಚೇನನ್ನೂ ಈಗಲೇ ಹೇಳಲಾರೆ.

ಏಳು ತಲೆಮಾರಿನ ಉದ್ಧಾರದ ಮಾತು ಅತ್ತೆಯವರ ಭಕ್ತಿಯಿಂದ ಬಂದದ್ದು, ಅದಕ್ಕಾಗಿ ಅವರನ್ನು ಎದುರಿಸಿ ನೋಯಿಸಬೇಡಿ. ಆದರೆ ಅದು ಧರ್ಮಸಭೆಯ ಬೋಧನೆಯಲ್ಲ. ಅದರ ಹಿಂದಿರುವ ಕಲ್ಪನೆ ಗುರುತ್ವದ ಅರ್ಥವನ್ನೇ ಮಸುಕುಗೊಳಿಸುತ್ತದೆ. ನಮ್ಮ ಕನ್ನಡದಲ್ಲಿ ಈ ಸೇವೆಗೆ ಬಳಕೆಯಲ್ಲಿರುವ ಪದಗಳನ್ನೇ ಗಮನಿಸಿ. 'ಯಾಜಕ' ಎಂದರೆ ಬಲಿ ಅರ್ಪಿಸುವವನು, 'ಗುರು' ಎಂದರೆ ಬೋಧಿಸಿ ದಾರಿ ತೋರುವವನು, ಪೋರ್ಚುಗೀಸರಿಂದ ಬಂದ 'ಪಾದ್ರಿ' ಎಂದರೆ ತಂದೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಆದಿ ಸಭೆಗಳ ಮುಖಂಡರಿಗೆ ಬಳಸಿರುವ ಪದಕ್ಕಾದರೋ 'ಹಿರಿಯ' ಎಂಬ ಸರಳ ಅರ್ಥ. ಹಳೆಯ ಒಡಂಬಡಿಕೆಯ ಯಾಜಕರನ್ನು ಬಿಟ್ಟರೆ, ಯಾಜಕ ಎಂಬ ಪದವನ್ನು ಹಿಬ್ರಿಯರಿಗೆ ಬರೆದ ಪತ್ರ ಕ್ರಿಸ್ತರಿಗೇ ಮೀಸಲಿಡುತ್ತದೆ. ತಮ್ಮನ್ನೇ ಬಲಿಯಾಗಿ ಅರ್ಪಿಸಿಕೊಂಡ ಒಬ್ಬರೇ ಮಹಾಯಾಜಕರು ಅವರು. ಪೇತ್ರನ ಮೊದಲನೆಯ ಪತ್ರವಾದರೋ ದೀಕ್ಷಾಸ್ನಾನ ಪಡೆದ ಇಡೀ ಜನಾಂಗವನ್ನು ರಾಜಯಾಜಕರು ಎಂದು ಕರೆಯುತ್ತದೆ. ಬೆಳಿಗ್ಗೆ ಎದ್ದು ಒಲೆ ಹಚ್ಚಿ, ಮಕ್ಕಳಿಗೆ ಜಪ ಕಲಿಸಿ, ಕಾಯಿಲೆಯ ಮಗುವಿನ ಪಕ್ಕದಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದ ನೀವೂ ಆ ಯಾಜಕತ್ವದಲ್ಲಿ ಪಾಲುಳ್ಳವರು.

ಹಾಗಾದರೆ ಗುರುದೀಕ್ಷೆ ಪಡೆದವನ ವಿಶೇಷವೇನು? 1964ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಇದನ್ನು ಬಿಡಿಸಿ ಹೇಳಿತು. ಎಲ್ಲ ವಿಶ್ವಾಸಿಗಳ ಯಾಜಕತ್ವಕ್ಕೂ ದೀಕ್ಷಿತ ಗುರುವಿನ ಸೇವಾ ಯಾಜಕತ್ವಕ್ಕೂ ಇರುವ ವ್ಯತ್ಯಾಸ ಸ್ವರೂಪದ್ದು, ಬರೀ ಪ್ರಮಾಣದ್ದಲ್ಲ. ಆದರೂ ಎರಡೂ ಒಂದಕ್ಕೊಂದು ಮುಡಿಪಾಗಿವೆ. ಬಲಿಪೂಜೆಯಲ್ಲಿ ರೊಟ್ಟಿಯನ್ನು ಹಿಡಿದು 'ಇದು ನನ್ನ ದೇಹ' ಎನ್ನುವಾಗ, ಪಾಪನಿವೇದನೆಯಲ್ಲಿ ಕ್ಷಮೆಯ ಮಾತನ್ನು ನುಡಿಯುವಾಗ ಗುರು ತನ್ನ ಹೆಸರಿನಲ್ಲಿ ಮಾತನಾಡುವುದಿಲ್ಲ. ಹಾಗೆ ಕ್ರಿಸ್ತರ ಹೆಸರಿನಲ್ಲಿ ನಿಲ್ಲುವ ಅಧಿಕಾರ ಅವನಿಗೆ ಇತರರ ಸಲುವಾಗಿ ಸಿಕ್ಕಿದ್ದು, ಅದರಿಂದ ಅವನು ನಿಮಗಿಂತ ಹೆಚ್ಚು ಪವಿತ್ರನಾಗಿಬಿಡುವುದಿಲ್ಲ. ಮನೆಗೆ ಗುರುವೊಬ್ಬ ಸಿಕ್ಕರೆ ಕುಟುಂಬದ ಅಂತಸ್ತು ಏರಿತೆಂದು ಬೀಗುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಕಡೆಯ ಭೋಜನದಂದು ಶಿಷ್ಯರ ಕಾಲು ತೊಳೆದ ಪ್ರಭುವಿನ ಕೆಲಸವನ್ನು ಮುಂದುವರಿಸಲು ಹೋಗುವವನಿಗೆ ಮನೆಯವರು ಕಿರೀಟ ಹೊಲಿದುಕೊಡಬಾರದು.

ಆ ಬದುಕು ದಿನನಿತ್ಯ ಹೇಗಿರುತ್ತದೆ ಎಂಬುದನ್ನೂ ನೀವು ತಿಳಿದಿರಬೇಕು. ಬೆಳಗಿನ ಬಲಿಪೂಜೆ, ರೋಗಿಗಳ ಭೇಟಿ, ಮದುವೆ ದಾಖಲೆ, ಶಾಲೆಯ ಲೆಕ್ಕ, ಗಂಡಹೆಂಡಿರ ಜಗಳ, ಸ್ಮಶಾನದ ಜಾಗದ ತಕರಾರು, ಸಾಯುತ್ತಿರುವವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲು ನಡುರಾತ್ರಿ ಬರುವ ಅಂತಿಮ ಅಭ್ಯಂಗದ ಕರೆ, ಇವೆಲ್ಲ ಮುಗಿದ ಮೇಲೆ ಒಬ್ಬನೇ ಕುಳಿತು ಉಣ್ಣುವ ಊಟ. ಒಂದು ಊರಿನ ಜನ ಮನಸ್ಸಿಗೆ ಹತ್ತಿರವಾಗುವ ಹೊತ್ತಿಗೆ ವರ್ಗಾವಣೆಯ ಪತ್ರ ಬರುತ್ತದೆ. ನನ್ನ ಅನುಭವದಲ್ಲಿ ಬ್ರಹ್ಮಚರ್ಯದ ಕಷ್ಟಕ್ಕಿಂತ ಒಂಟಿತನದ ಕಷ್ಟವೇ ದೊಡ್ಡದು. ಗೆಳೆತನ, ಪ್ರಾರ್ಥನೆ, ಓದು ಇವುಗಳ ಅಭ್ಯಾಸ ಇಲ್ಲದವನು ಅದರಲ್ಲಿ ಕುಸಿಯುತ್ತಾನೆ. ಆದರೆ ಸಾಯುತ್ತಿರುವ ಅಪರಿಚಿತನೊಬ್ಬ ನಲವತ್ತು ವರ್ಷದ ಭಾರವನ್ನು ಇಳಿಸಿ ಕೈ ಹಿಡಿದುಕೊಂಡ ಗಳಿಗೆಯನ್ನು ಕಂಡವನಾಗಿ, ಈ ಜೀವನವನ್ನು ಇನ್ನೊಮ್ಮೆ ಆರಿಸಿಕೊಳ್ಳಬೇಕಾಗಿ ಬಂದರೂ ಇದನ್ನೇ ಆರಿಸಿಕೊಳ್ಳುತ್ತೇನೆ ಎಂದು ನಿಮಗೆ ಹೇಳಬಲ್ಲೆ.

ಮುಪ್ಪಿನ ಚಿಂತೆ ಸ್ವಾರ್ಥವೆಂದು ಯಾರಾದರೂ ನಿಮಗೆ ಹೇಳಿದ್ದರೆ ಅದನ್ನು ಮನಸ್ಸಿಗೆ ಹಾಕಿಕೊಳ್ಳಬೇಡಿ. ತಂದೆತಾಯಿಗೆ ಸಲ್ಲಬೇಕಾದ್ದನ್ನು 'ಕೊರ್ಬಾನ್, ದೇವರಿಗೆ ಮುಡಿಪು' ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸುವೇ ಖಂಡಿಸಿದ್ದನ್ನು ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಓದುತ್ತೇವೆ. ಮಕ್ಕಳ ಆಸರೆಯಿಲ್ಲದೆ ಬದುಕಲಾರದ ಸ್ಥಿತಿಯಲ್ಲಿ ತಂದೆತಾಯಿ ಇದ್ದರೆ ಅವರನ್ನು ಬಿಟ್ಟು ಸನ್ಯಾಸ ಜೀವನಕ್ಕೆ ಸೇರಬಾರದು ಎಂದು ಹದಿಮೂರನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸ್ ಸ್ಪಷ್ಟವಾಗಿ ಬರೆದರು. ನಿಮ್ಮ ಸ್ಥಿತಿ ಅಷ್ಟು ಬಿಗಡಾಯಿಸಿಲ್ಲ ಎಂದು ಪತ್ರದಿಂದ ತೋರುತ್ತದೆ. ಆದರೂ ಸಾಲವಿದೆಯೇ, ಯಜಮಾನರ ಆರೋಗ್ಯ ಹೇಗಿದೆ, ಜಮೀನನ್ನು ಮುಂದೆ ನೋಡಿಕೊಳ್ಳುವವರು ಯಾರು ಎಂಬುದನ್ನು ಅಳಿಯ ಮಗಳನ್ನೂ ಕೂರಿಸಿಕೊಂಡು ಈಗಲೇ ಮಾತನಾಡಿ. ಅವನು ಎಲ್ಲಿಗೆ ಸೇರುತ್ತಾನೆ ಎಂಬುದರ ಮೇಲೂ ಇದು ನಿಂತಿದೆ. ಧರ್ಮಕ್ಷೇತ್ರದ (ಒಬ್ಬ ಬಿಷಪರ ಆಡಳಿತದ ಪ್ರದೇಶದ) ಗುರು ಬಡತನದ ವ್ರತ ತೊಡುವುದಿಲ್ಲ. ಅವನು ಸ್ವಂತ ಆಸ್ತಿ ಇಟ್ಟುಕೊಳ್ಳಬಹುದು, ಸಿಗುವ ಅಲ್ಪ ಸಂಭಾವನೆಯಲ್ಲಿ ತಂದೆತಾಯಿಗೆ ನೆರವಾಗಬಹುದು, ತನ್ನ ಧರ್ಮಕ್ಷೇತ್ರದ ಎಲ್ಲೆಯೊಳಗೇ ಇರುವುದರಿಂದ ಕಷ್ಟಕಾಲಕ್ಕೆ ಬೇಗ ಬಂದು ಮುಟ್ಟಬಲ್ಲ. ಯೇಸುಸಭೆಯಂಥ ಧಾರ್ಮಿಕ ಸಭೆಗೆ ಸೇರಿದವನು ಬಡತನದ ವ್ರತ ತೊಡುತ್ತಾನೆ, ದುಡಿದದ್ದೆಲ್ಲ ಸಭೆಗೆ ಸೇರುತ್ತದೆ, ಅವನನ್ನು ಜಾರ್ಖಂಡಿಗೋ ಆಫ್ರಿಕಾಕ್ಕೋ ಕಳುಹಿಸಬಹುದು. ಈ ವ್ಯತ್ಯಾಸವನ್ನು ಮಗ ತಿಳಿದಿದ್ದಾನೆಯೇ ಎಂದು ಕೇಳಿ. ಬಹಳಷ್ಟು ಹುಡುಗರು ತಿಳಿಯದೆಯೇ ಅರ್ಜಿ ಹಾಕುತ್ತಾರೆ.

ಈಗ ನಿಮ್ಮೆದುರು ಇರುವ ದಾರಿಗಳು. ತಡೆಯುವುದು ಒಂದು. ಅವನು ವಯಸ್ಕ, ನಿಮ್ಮ ಒಪ್ಪಿಗೆಯಿಲ್ಲದೆಯೂ ಸೇರಬಹುದು. ಅಲ್ಲದೆ ಯಾರನ್ನೂ ದೀಕ್ಷೆಗೆ ಬಲವಂತಪಡಿಸಬಾರದು ಎನ್ನುವ 1026ನೇ ವಿಧಿಯೇ, ಯೋಗ್ಯನಾದವನನ್ನು ಅದರಿಂದ ವಿಮುಖಗೊಳಿಸಲೂ ಬಾರದು ಎನ್ನುತ್ತದೆ. ತಡೆದು ಮದುವೆ ಮಾಡಿಸಿದ ಮನೆಗಳಲ್ಲಿ ಆ ಹೆಣ್ಣುಮಗಳು ಪಟ್ಟ ಪಾಡನ್ನು ನಾನು ಕಂಡಿದ್ದೇನೆ. ಈ ಜೂನಿನಲ್ಲೇ ಕಳುಹಿಸಿಬಿಡುವುದು ಇನ್ನೊಂದು. ತಂದೆಯ ಮೌನ ಮುರಿಯದೆ ಹೊರಟವನು ಅಲ್ಲಿ ನಿಜವಾದ ಪರೀಕ್ಷೆಗೆ ಒಳಗಾಗುವ ಬದಲು, ತಂದೆಯ ಎದುರು ಸೋಲಬಾರದೆಂಬ ಹಟಕ್ಕೇ ಉಳಿದುಬಿಡುವ ಅಪಾಯವಿದೆ. ನನಗೆ ಹೆಚ್ಚು ಸರಿಯೆನಿಸುವುದು ಮೂರನೆಯದು: ಕೆಲಸದಲ್ಲಿದ್ದುಕೊಂಡೇ ಒಂದು ವರ್ಷ ಧರ್ಮಕ್ಷೇತ್ರದ ದೈವಕರೆ ನಿರ್ದೇಶಕರ ಸಂಪರ್ಕದಲ್ಲಿದ್ದು, ತಿಂಗಳಿಗೊಮ್ಮೆ ಆತ್ಮಿಕ ಮಾರ್ಗದರ್ಶಕರೊಬ್ಬರನ್ನು ಕಂಡು, ಅವರು ನಡೆಸುವ ಶಿಬಿರಗಳಿಗೆ ಹೋಗಿಬರಲಿ. ಇದಕ್ಕೂ ಅಪಾಯವಿಲ್ಲದಿಲ್ಲ. 'ಒಂದು ವರ್ಷ' ಎಂದದ್ದು 'ಇನ್ನೊಂದು ವರ್ಷ' ಆಗುತ್ತ ಹೋಗಬಾರದು. ಆ ನಡುವೆ ನೀವು ಹೆಣ್ಣು ನೋಡಲು ಹೊರಡಲೂಬಾರದು.

ಅರ್ಧಕ್ಕೆ ಬಿಟ್ಟು ಬಂದರೆ ಶಾಪ ಎಂಬುದು ಶುದ್ಧ ಸುಳ್ಳು. ಸೆಮಿನರಿ ಇರುವುದೇ ಗುರುತಿಸುವುದಕ್ಕಾಗಿ. 'ನನ್ನದು ಈ ದಾರಿಯಲ್ಲ' ಎಂದು ಗುರುತಿಸಿ ಹೊರಬಂದವನ ವಿಷಯದಲ್ಲೂ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ದೀಕ್ಷೆಯಾದ ಮೇಲೆ ಬಿಡುವುದು ಬೇರೆ ಮಾತು. ದೀಕ್ಷೆ ಆತ್ಮದ ಮೇಲೆ ಒತ್ತಿದ ಮುದ್ರೆ ಅಳಿಯುವುದಿಲ್ಲ, ಬ್ರಹ್ಮಚರ್ಯದಿಂದ ಬಿಡುಗಡೆಯನ್ನು ಪೋಪರೊಬ್ಬರೇ ಕೊಡಬಲ್ಲರು, ಅದರ ನೋವು ಎಲ್ಲರಿಗೂ ದೊಡ್ಡದು. ಆದ್ದರಿಂದಲೇ ಮೊದಲೇ ಹಿಂದಿರುಗಲು ಬಾಗಿಲು ತೆರೆದಿರಬೇಕು. ತಾಯಿಯ ಹರಕೆಯ ಮಗನೊಬ್ಬ ತತ್ವಶಾಸ್ತ್ರದ ಎರಡನೆಯ ವರ್ಷದಲ್ಲಿ ನನ್ನ ಕೋಣೆಗೆ ಬಂದು, 'ಹೋದರೆ ಅಮ್ಮ ಸಾಯುತ್ತಾರೆ ಫಾದರ್' ಎಂದು ಅತ್ತಿದ್ದ. ಆ ಭಯದಿಂದ ಅವನನ್ನು ಬಿಡಿಸಲು ನಮಗೆ ಒಂದು ವರ್ಷವೇ ಹಿಡಿಯಿತು. ಈಗ ಅವನು ಶಾಲಾ ಶಿಕ್ಷಕ, ಎರಡು ಮಕ್ಕಳ ತಂದೆ, ಭಾನುವಾರ ಧರ್ಮೋಪದೇಶ ಕಲಿಸುತ್ತಾನೆ. ಅವನ ತಾಯಿಯೂ ಚೆನ್ನಾಗಿದ್ದಾರೆ.

ನೀವು ಹರಕೆ ಹೊತ್ತ ಸಂತರ ಬದುಕನ್ನೇ ನೋಡಿ. ಲಿಸ್ಬನ್ನಿನಲ್ಲಿ ಹುಟ್ಟಿದ ಅಂತೋಣಿಯವರು ಮೊದಲು ಅಗಸ್ಟೀನರ ಸಭೆಗೆ ಸೇರಿದರು. 1220ರಲ್ಲಿ ಅದನ್ನು ಬಿಟ್ಟು, ಮೊರಾಕ್ಕೊದಲ್ಲಿ ರಕ್ತಸಾಕ್ಷಿಯಾಗಬೇಕೆಂಬ ಹಂಬಲದಿಂದ ಫ್ರಾನ್ಸಿಸ್ಕನರಾದರು. ಅಲ್ಲಿ ಕಾಯಿಲೆ ಬಿದ್ದು ಹಿಂದಿರುಗುವಾಗ ಗಾಳಿಗೆ ಸಿಕ್ಕ ಹಡಗು ಅವರನ್ನು ಸಿಸಿಲಿಗೆ ತಲುಪಿಸಿತು. ಇಟಲಿಯ ಮಹಾ ಬೋಧಕರಾಗಿ 1231ರಲ್ಲಿ ಪದುವ ನಗರದ ಬಳಿ ತೀರಿಕೊಂಡರು. ತಾವು ಎಣಿಸಿದ ದಾರಿ ಎರಡು ಸಲ ತಿರುಗಿದರೂ ಅವರು ದೇವರಿಗೆ ತಪ್ಪಿಹೋಗಲಿಲ್ಲ.

ಯಜಮಾನರ ಮೌನದ ಬಗ್ಗೆ ಒಂದು ಮಾತು. ಅದು ಕೋಪಕ್ಕಿಂತ ಭಯವಿರಬಹುದು. ಮಗ ಮುಂದಿನ ಸಲ ಬಂದಾಗ ಸೆಮಿನರಿಯ ಮಾತೆತ್ತದೆ ಅಪ್ಪನ ಜೊತೆ ಎರಡು ದಿನ ಹೊಲದಲ್ಲಿ ಕೆಲಸ ಮಾಡಲಿ, ಅವರಾಗಿಯೇ ಬಾಯಿಬಿಡುವ ತನಕ ಕಾಯಲಿ. ನೀವು ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಲು ಹೋಗಬೇಡಿ.

ಹರಕೆಯನ್ನು ಯಾರಿಗೂ ಹೇಳಿಲ್ಲ ಎಂದಿದ್ದೀರಿ. ಪ್ರತಿ ವರ್ಷ ದೋರನಹಳ್ಳಿಗೆ ಹೋಗಿ ಆ ಸ್ವರೂಪದ ಮುಂದೆ ನಿಮ್ಮ ಕಣ್ಣೀರನ್ನು ಕಂಡ ಹುಡುಗನಿಗೆ ಅಷ್ಟಿಷ್ಟು ಗೊತ್ತಾಗಿರದೆ ಇರಲಾರದು ಎಂದು ನನ್ನ ಅನುಮಾನ. ಮೊದಲು ನಿಮ್ಮ ಗುರುಗಳ ಬಳಿ ಹೋಗಿ ಹರಕೆಯನ್ನು ಇಳಿಸಿಕೊಳ್ಳಿ. ಬಳಿಕ ಮಗನನ್ನು ಕೂರಿಸಿಕೊಂಡು, ಅಂದು ಆಸ್ಪತ್ರೆಯಲ್ಲಿ ಏನಾಯಿತು, ನೀವು ಏನೆಂದು ಬೇಡಿದಿರಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಆ ಮಾತು ನಿಮ್ಮದಾಗಿತ್ತು, ಅದು ಈಗ ತೀರಿದೆ, ಅವನು ಹೋದರೂ ಉಳಿದರೂ ನಿಮಗೆ ಯಾವ ಸಾಲವೂ ಬಾಕಿಯಿಲ್ಲ ಎಂಬುದನ್ನು, ಅರ್ಜಿಗೆ ಸಹಿ ಹಾಕುವ ಮೊದಲು, ಅವನು ನಿಮ್ಮ ಬಾಯಿಂದಲೇ ಕೇಳಬೇಕು.